ಧಾರವಾಡದ ಆ ಹುಡುಗನ ಅರ್ಜಿ: 'ಮಟೀರಿಯಲ್ ಇಲ್ಲ' ಅನ್ನೋರಿಗೆ ಒಂದು ಉತ್ತರ



ಸ್ವಲ್ಪ ಉದ್ದ ಆಗುತ್ತೆ, ಮೊದಲೇ ಹೇಳಿಬಿಡ್ತೀನಿ. ಎಂ.ಎ., ಎಂ.ಎಸ್.ಡಬ್ಲ್ಯು., ಪಿಎಚ್.ಡಿ. ಮಾಡ್ತಿರೋ ನಮ್ಮ ಹುಡುಗ ಹುಡುಗಿಯರು ಇದನ್ನ ಕೊನೆತನಕ ಓದಬೇಕು. ಉಳಿದವರು ಓದಿ ನಿಮ್ಮ ಮನೆಯ, ನಿಮ್ಮ ಓಣಿಯ ಮಕ್ಕಳಿಗೆ ತಲುಪಿಸಿ.

ಹೋದ ವಾರ ಹಿರೇಕೆರೂರು ಬಸ್ ಸ್ಟ್ಯಾಂಡ್ ಹತ್ತಿರ ಚಹಾ ಕುಡೀತಾ ನಿಂತಿದ್ದೆ. ನಮ್ಮ ತಾಲೂಕಿನದೇ ಒಂದು ಹಳ್ಳಿಯ ಹುಡುಗಿ ಬಂದು ಮಾತಾಡಿಸಿದಳು. ಎಂ.ಎ. ಇತಿಹಾಸ, ಕೊನೆಯ ಸೆಮಿಸ್ಟರ್. ಮುಖ ಸಪ್ಪಗಿತ್ತು.

"ಅಣ್ಣಾರ, ನಮ್ ತಾಲೂಕಿನ ಕೇರಿಗಳ ಶಿಕ್ಷಣದ ಇತಿಹಾಸ ಬರೀಬೇಕಂತ ಪ್ರಾಜೆಕ್ಟ್ ತಗೊಂಡಿದ್ದೆ. ಗೈಡ್ ಸರ್ ಅದರ ಮ್ಯಾಲ ಮಟೀರಿಯಲ್ ಇಲ್ಲವಾ, ಬ್ಯಾರೆ ಟಾಪಿಕ್ ತಗೋ ಅಂದ್ರು. ನಾನೂ ಹುಡುಕೇನಿ. ಏನೂ ಸಿಗವಲ್ದು."

"ಎಲ್ಲಿ ಹುಡುಕೀದಿ ತಂಗಿ?"

"ಗೂಗಲ್‌ನ್ಯಾಗ. ಲೈಬ್ರರಿಯಾಗೂ ಕೇಳೀನಿ. ಹಿರೇಕೆರೂರು ಅಂತ ಹೊಡದ್ರ ಗುಡಿ ಬರ್ತೈತಿ, ಕೆರಿ ಬರ್ತೈತಿ, ಎಲೆಕ್ಷನ್ ಬರ್ತೈತಿ. ನಮ್ದು ಬರಂಗಿಲ್ಲ."

'ನಮ್ದು ಬರಂಗಿಲ್ಲ.' ಈ ಮಾತು ರಾತ್ರಿ ನನಗೆ ನಿದ್ದೆ ಕೊಡಲಿಲ್ಲ.

ಗೆಳೆಯರೆ, 'ಮಟೀರಿಯಲ್ ಇಲ್ಲ' ಅನ್ನೋದು ಬೇರೆ. 'ನನಗೆ ಸಿಗಲಿಲ್ಲ' ಅನ್ನೋದು ಬೇರೆ. 'ಹುಡುಕೋದು ಹೇಗೆ ಅಂತ ಯಾರೂ ಹೇಳಿಕೊಡಲಿಲ್ಲ' ಅನ್ನೋದು ಇನ್ನೂ ಬೇರೆ. ನಮ್ಮ ಮಕ್ಕಳ ವಿಷಯದಲ್ಲಿ ಮೂರನೆಯದು ನಿಜ. ಆದರೆ ಅವರ ಕಿವಿಗೆ ಬೀಳೋದು ಮೊದಲನೆಯದು. ಅದನ್ನ ಕೇಳಿ ಕೇಳಿ, ನಮಗೆ ಇತಿಹಾಸವೇ ಇಲ್ಲವೇನೋ ಅಂತ ಅವರೂ ನಂಬಿಬಿಡ್ತಾರೆ.

ಅದಕ್ಕೆ ಇವತ್ತು ಒಬ್ಬ ಹುಡುಗನ ಕತೆ ಹೇಳ್ತೀನಿ. ಅವನ ಕತೆ ನಮಗೆ ಹೇಗೆ ಸಿಕ್ತು ಅನ್ನೋದನ್ನೂ ಹೇಳ್ತೀನಿ. ಎರಡನೆಯದೇ ಇವತ್ತಿನ ಪಾಠ.

*

1856ನೇ ಇಸವಿ, ಜೂನ್ ತಿಂಗಳು. ಧಾರವಾಡ. ಆಗ ಅದು ಮುಂಬಯಿ ಪ್ರಾಂತದ ಒಂದು ಜಿಲ್ಲೆ. ನಮ್ಮ ಹಿರೇಕೆರೂರು ಸೀಮೆಯೂ ಅದೇ ಜಿಲ್ಲೆಯೊಳಗಿತ್ತು. ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಅಸ್ಪೃಶ್ಯ ಹುಡುಗ ಕೇಳಿದ. ಕಾಗದಪತ್ರದಲ್ಲಿ ಅವನನ್ನ 'ಮಹಾರ' ಅಂತ ಬರೆದಿದ್ದಾರೆ. ಶಾಲೆ ಸೇರಿಸಿಕೊಳ್ಳಲಿಲ್ಲ. ಹುಡುಗ ಸುಮ್ಮನೆ ಮನೆಗೆ ಹೋಗಲಿಲ್ಲ. ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ.

ಸುಮ್ಮನೆ ಯೋಚನೆ ಮಾಡಿ. ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಪುಣೆಯಲ್ಲಿ ಶಾಲೆ ಶುರು ಮಾಡಿ ಎಂಟು ವರ್ಷ ಆಗಿತ್ತು ಅಷ್ಟೆ. ಬಾಬಾಸಾಹೇಬರು ಹುಟ್ಟೋದಕ್ಕೆ ಇನ್ನೂ 35 ವರ್ಷ ಬಾಕಿ. ಅಂಥ ಕಾಲದಲ್ಲಿ ನಮ್ಮ ಕಡೆಯ ಒಬ್ಬ ಹುಡುಗ, ನಾನು ಸರ್ಕಾರಿ ಶಾಲೆಯಲ್ಲಿ ಕೂರಬೇಕು ಅಂತ ಸರ್ಕಾರಕ್ಕೇ ಬರೆದ.

ಸರ್ಕಾರ ಏನು ಹೇಳ್ತು? 1856ರ ಜುಲೈ 21ಕ್ಕೆ ಒಂದು ಠರಾವು ಹೊರಡಿಸ್ತು. ಅದರ ತಾತ್ಪರ್ಯ ಇಷ್ಟು: ನ್ಯಾಯ ಅರ್ಜಿದಾರನ ಕಡೆಗೇ ಇದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಒಬ್ಬಿಬ್ಬರ ಸಲುವಾಗಿ ಯುಗಯುಗದಿಂದ ಬಂದ ನಂಬಿಕೆಗೆ ಏಕಾಏಕಿ ಕೈ ಹಾಕಿದರೆ ಶಿಕ್ಷಣದ ಕೆಲಸಕ್ಕೇ ಧಕ್ಕೆ ಆಗುತ್ತೆ. ಈ ತೊಂದರೆ ಸರ್ಕಾರ ಹುಟ್ಟಿಸಿದ್ದಲ್ಲ, ಆದ್ದರಿಂದ ಸರ್ಕಾರ ಅದನ್ನ ತಕ್ಷಣ ತೆಗೆದುಹಾಕೋಕೂ ಆಗೋದಿಲ್ಲ. ಅಂದ್ರೆ, ನೀನು ಹೇಳೋದು ಸರಿ, ಆದ್ರೂ ಹೊರಗೇ ಇರು ಅಂತ!

ವಿಷಯ ಕಲ್ಕತ್ತೆಗೆ ಹೋಯ್ತು. 1857ರ ಜನವರಿ 23ರ ಪತ್ರದಲ್ಲಿ ಭಾರತ ಸರ್ಕಾರ, ಮುಂಬಯಿಯವರು ಜಾಣತನದಿಂದಲೇ ನಡೆದುಕೊಂಡಿರಬಹುದು, ಆದರೆ ಬಂಗಾಳ ಪ್ರಾಂತದ ಯಾವ ಸರ್ಕಾರಿ ಶಾಲೆಯಲ್ಲೂ ಆ ಹುಡುಗನಿಗೆ ಪ್ರವೇಶ ನಿರಾಕರಿಸುತ್ತಿರಲಿಲ್ಲ ಅಂತ ಬರೀತು. ಅಲ್ಲಿಂದ ಲಂಡನ್ನಿಗೆ. 1858ರ ಏಪ್ರಿಲ್ 28ರಂದು ಈಸ್ಟ್ ಇಂಡಿಯಾ ಕಂಪನಿಯ ಡೈರೆಕ್ಟರುಗಳ ಮಂಡಳಿ ತೀರ್ಮಾನ ಹೇಳ್ತು: ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು. ಇದರಿಂದ ಕೆಲವರು ಮಕ್ಕಳನ್ನ ಬಿಡಿಸಿಕೊಂಡು ಹೋದರೆ ಹೋಗಲಿ, ತಮ್ಮ ಹಣದಲ್ಲಿ ತಮ್ಮದೇ ಶಾಲೆ ಮಾಡಿಕೊಳ್ಳಲಿ.

ಒಬ್ಬ ಹುಡುಗನ ಅರ್ಜಿ. ಧಾರವಾಡ, ಮುಂಬಯಿ, ಕಲ್ಕತ್ತಾ, ಲಂಡನ್. ಎರಡು ವರ್ಷಕ್ಕೆ ಹತ್ತಿರ. ನಡುವೆ 1857ರ ದಂಗೆ ಬೇರೆ. ಇಷ್ಟೆಲ್ಲ ಕಾಗದ ಓಡಾಡಿದರೂ ಠರಾವಿನಲ್ಲಿ ಅವನಿಗೊಂದು ಹೆಸರಿಲ್ಲ. ಜಾತಿ ಇದೆ, ಹೆಸರಿಲ್ಲ.

*

ಈಗ ಅಸಲಿ ಪ್ರಶ್ನೆ. ಇದೆಲ್ಲ ನಮಗೆ ಹೇಗೆ ಗೊತ್ತಾಯ್ತು?

ಆ ಹುಡುಗನ ಕತೆಯನ್ನ ಯಾವ ಕವಿಯೂ ಹಾಡಲಿಲ್ಲ. ಅದು ಉಳಿದಿದ್ದು ಸರ್ಕಾರಿ ವರದಿಯೊಳಗೆ. ಮುಂಬಯಿ ಪ್ರಾಂತದ ಸಾರ್ವಜನಿಕ ಶಿಕ್ಷಣ ನಿರ್ದೇಶಕರ 1856-57ರ ವರದಿಯಲ್ಲಿ ಆ ವಿಷಯ ಬಂತು. ಮುಂದೆ 1882ರ ಹಂಟರ್ ಶಿಕ್ಷಣ ಆಯೋಗ ಈ ಪ್ರಕರಣವನ್ನ ಮತ್ತೆ ಎತ್ತಿಕೊಂಡಿತು. ಆಮೇಲೆ ನಲವತ್ತೈದು ವರ್ಷಕ್ಕೂ ಹೆಚ್ಚು ಕಾಲ ಅದು ವರದಿಯ ಪುಟಗಳಲ್ಲೇ ಮಲಗಿತ್ತು.

ಅದನ್ನ ಎಬ್ಬಿಸಿದವರು ಬಾಬಾಸಾಹೇಬರು. 1928ರ ಮೇ 29ರಂದು ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ಅವರು ಒಂದು ಹೇಳಿಕೆ ಕೊಟ್ಟರು. ವಿಷಯ, ಮುಂಬಯಿ ಪ್ರಾಂತದಲ್ಲಿ ಶೋಷಿತ ವರ್ಗಗಳ ಶಿಕ್ಷಣ. ಅದರಲ್ಲಿ ಅವರು ಭಾಷಣ ಮಾಡಲಿಲ್ಲ, ಕಣ್ಣೀರು ಹಾಕಲಿಲ್ಲ. ಹಳೆಯ ವರದಿ ತೆಗೆದರು, ಠರಾವಿನ ತಾರೀಖು ಹಾಕಿದರು, ಪತ್ರದ ನಂಬರು ಹಾಕಿದರು, ಅಂಕಿಸಂಖ್ಯೆ ಇಟ್ಟರು. ನಿಮ್ಮದೇ ಕಾಗದ ಇದು, ನೀವೇ ಓದಿ ಅಂತ ಸರ್ಕಾರದ ಮುಂದೆ ಇಟ್ಟರು. ಧಾರವಾಡದ ಹುಡುಗ 72 ವರ್ಷ ಆದಮೇಲೆ ಮತ್ತೆ ಸರ್ಕಾರದ ಎದುರು ಬಂದು ನಿಂತ, ಈ ಸಲ ಬ್ಯಾರಿಸ್ಟರ್ ಜೊತೆಗೆ.

ಆ ಹೇಳಿಕೆ ಇವತ್ತು ಮಹಾರಾಷ್ಟ್ರ ಸರ್ಕಾರ 1982ರಲ್ಲಿ ತಂದ ಅಂಬೇಡ್ಕರ್ ಬರಹಗಳು ಮತ್ತು ಭಾಷಣಗಳ ಎರಡನೇ ಸಂಪುಟದಲ್ಲಿದೆ. ಈ ಸಂಪುಟಗಳನ್ನ ಕರ್ನಾಟಕ ಸರ್ಕಾರ ಕನ್ನಡಕ್ಕೂ ತರಿಸಿದೆ. ಎಷ್ಟೋ ಕಾಲೇಜು ಲೈಬ್ರರಿಗಳ ಕಪಾಟಿನಲ್ಲಿ ಕೂತಿವೆ. ಏಪ್ರಿಲ್ 14ಕ್ಕೆ ಹೊರಗೆ ತೆಗೆದು, ಹಾರ ಹಾಕಿ, ಮತ್ತೆ ಒಳಗೆ ಇಡ್ತೇವೆ!

ಈ ಸರಪಳಿ ನೋಡಿ: ಅರ್ಜಿ, ಠರಾವು, ನಿರ್ದೇಶಕರ ವರದಿ, ಆಯೋಗದ ವರದಿ, ಬಾಬಾಸಾಹೇಬರ ಹೇಳಿಕೆ, ಸಂಪುಟ, ಅನುವಾದ. ಸಂಶೋಧನೆ ಅಂದ್ರೆ ಈ ಸರಪಳಿಯನ್ನ ಹಿಡಿದು ಹಿಂದಕ್ಕೆ ನಡೆಯೋದು. ಒಂದೊಂದು ಕೊಂಡಿಯಲ್ಲೂ ನಿಂತು, ಇವರು ಇದನ್ನ ಎಲ್ಲಿಂದ ತಗೊಂಡ್ರು, ಪೂರ್ತಿ ತಗೊಂಡ್ರಾ, ಏನು ಬಿಟ್ರು ಅಂತ ಕೇಳೋದು. ಅಡಿಟಿಪ್ಪಣಿ ಅನ್ನೋದು ಮಾರ್ಕ್ಸ್‌ಗೋಸ್ಕರ ಹಾಕೋ ಅಲಂಕಾರ ಅಲ್ಲ. ಅದು ಮುಂದೆ ಬರೋ ನಮ್ಮ ಮಕ್ಕಳಿಗೆ ಬಿಟ್ಟುಹೋಗೋ ದಾರಿಗುರುತು.

*

ಬಾಬಾಸಾಹೇಬರಿಗೆ ಈ ವಿದ್ಯೆ ಎಲ್ಲಿಂದ ಬಂತು? ಗ್ರಂಥಾಲಯದಿಂದ.

1913ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡ್ ವಿದ್ಯಾರ್ಥಿವೇತನ ಕೊಟ್ಟು ಅವರನ್ನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಇದೇ ಸಯಾಜಿರಾವ್ 1910ರಲ್ಲಿ ಅಮೆರಿಕದಿಂದ ವಿಲಿಯಂ ಬೋರ್ಡನ್ ಅನ್ನೋ ಗ್ರಂಥಾಲಯ ತಜ್ಞರನ್ನ ಕರೆಸಿ, ತಮ್ಮ ಸಂಸ್ಥಾನದ ತುಂಬ ಸಾರ್ವಜನಿಕ ಗ್ರಂಥಾಲಯ ಕಟ್ಟೋ ಕೆಲಸಕ್ಕೆ ಹಚ್ಚಿದವರು. ಪುಸ್ತಕದ ಬೆಲೆ ಗೊತ್ತಿದ್ದ ರಾಜ.

ಕೊಲಂಬಿಯಾದಲ್ಲಿ, ಆಮೇಲೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಓದುಕೋಣೆಯಲ್ಲಿ, ಇಂಡಿಯಾ ಆಫೀಸ್ ಗ್ರಂಥಾಲಯದಲ್ಲಿ ಬಾಬಾಸಾಹೇಬರು ಹೊತ್ತು ಹೋಗೋದು ಗೊತ್ತಾಗದ ಹಾಗೆ ಕೂತು ಓದಿದರು. ಸಾತಾರಾದ ಶಾಲೆಯಲ್ಲಿ ನಳ ಮುಟ್ಟೋಕೆ ಬಿಡದಿದ್ದ, ಜವಾನ ಬಂದು ನಳ ತಿರುವಿದರೆ ಮಾತ್ರ ನೀರು ಕುಡೀಬೇಕಾಗಿದ್ದ ಹುಡುಗ, ಅಲ್ಲಿ ತನ್ನ ಕೈಯಿಂದಲೇ ಪುಸ್ತಕ ತೆರೆದ. 'ರೂಪಾಯಿಯ ಸಮಸ್ಯೆ'ಯಾಗಲಿ, 'ಶೂದ್ರರು ಯಾರು'ವಾಗಲಿ, ಹಾಗೆ ಓದಿದ ಕಾಗದ, ಗ್ರಂಥ, ವರದಿಗಳ ಮೇಲೆ ನಿಂತ ಪುಸ್ತಕಗಳು. 1917ರಲ್ಲಿ ವಾಪಸ್ ಬರುವಾಗ ಬೇರೆ ಹಡಗಿನಲ್ಲಿ ಕಳಿಸಿದ್ದ ಅವರ ಸಾಮಾನು, ಅದರಲ್ಲಿದ್ದ ಪುಸ್ತಕಗಳ ಸಮೇತ, ಯುದ್ಧದಲ್ಲಿ ಸಮುದ್ರ ಸೇರಿತು. ಆದರೂ ಬಿಡಲಿಲ್ಲ. ಮತ್ತೆ ಕೊಂಡರು, ಕೊನೆಗೆ ದಾದರಿನಲ್ಲಿ ಪುಸ್ತಕಕ್ಕೋಸ್ಕರವೇ ಅನ್ನುವಂತೆ ರಾಜಗೃಹ ಕಟ್ಟಿಸಿದರು.

ಇನ್ನೊಂದು ಮಾತು. 1924ರಲ್ಲಿ ಹುಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭೆಯ ಉದ್ದೇಶಗಳ ಪಟ್ಟಿಯಲ್ಲಿ ಹಾಸ್ಟೆಲ್ ಜೊತೆಗೆ ಗ್ರಂಥಾಲಯ, ಅಧ್ಯಯನ ಕೂಟವೂ ಇದ್ದವು. ನಾವು ಸಂಘಟನೆ ಅಂದ ಕೂಡಲೇ ಬ್ಯಾನರ್ ಮತ್ತು ಮೈಕು ನೆನೆಸ್ತೇವೆ. ಅವರು ಓದುಕೋಣೆಯನ್ನ ನೆನೆದರು.

*

ಈಗ ನನ್ನದೇ ಒಂದು ಮಾತು. ನಾನು ಎಂ.ಎ. ಓದುವಾಗ ಒಂದು ಲೈಬ್ರರಿಯಲ್ಲಿ (ಹೆಸರು ಬೇಡ) ಕಪಾಟಿನ ಹತ್ತಿರ ಹೋಗೋ ಹಾಗಿರಲಿಲ್ಲ. ಚೀಟಿ ಬರೆದು ಕಿಟಕಿಯಲ್ಲಿ ಕೊಡಬೇಕು, ಒಳಗಿನವರು ತಂದುಕೊಟ್ಟರೆ ಉಂಟು. ಒಂದು ದಿನ ಹಳೆಯ ಗೆಝೆಟಿಯರ್ ಕೇಳಿದೆ. ಕಿಟಕಿಯಲ್ಲಿದ್ದವರು ನನ್ನ ಕಾರ್ಡ್ ನೋಡಿ, "ನೀವು ಬುಕ್ ಬ್ಯಾಂಕ್‌ನೋರಲ್ಲ? ಅಲ್ಲೇ ಟೆಕ್ಸ್ಟ್ ಬುಕ್ ಕೊಡ್ತಾರ. ಇದೆಲ್ಲ ನಿಮಗ್ಯಾಕ?" ಅಂದ್ರು. ಹಿಂದಿದ್ದವರು ನಕ್ಕರು. ನಾನು ಚೀಟಿ ಮಡಚಿಕೊಂಡು ವಾಪಸ್ ಬಂದೆ. ಮತ್ತೆ ಆರು ತಿಂಗಳು ಆ ಕಿಟಕಿ ಕಡೆ ಹೋಗಲಿಲ್ಲ.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮ ಎಷ್ಟೋ ಮಕ್ಕಳು ಲೈಬ್ರರಿಯನ್ನರ ಹತ್ತಿರ ಬಾಯಿ ಬಿಟ್ಟು ಕೇಳೋದಿಲ್ಲ. ಅಂಜಿಕೆ. ಹಿಂದೆ ಬಾವಿಯ ಹತ್ತಿರ ನಿಂತು, ಯಾರಾದರೂ ಮೇಲಿಂದ ನೀರು ಹೊಯ್ಯಲಿ ಅಂತ ಕಾಯುತ್ತಿದ್ದ ನಮ್ಮ ಅಜ್ಜಿಯರ ಅಂಜಿಕೆ ಇನ್ನೂ ರಕ್ತದಲ್ಲಿದೆ. ಅದನ್ನ ಬಿಡಬೇಕು. ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಬರೆದರು. ಪುಸ್ತಕ ಇರೋದು ಬಳಸೋದಕ್ಕೆ ಅನ್ನೋದು ಮೊದಲನೆಯದು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಅನ್ನೋದು ಎರಡನೆಯದು. ನಮ್ಮ ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ, ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಿ ಆಗುತ್ತೆ. ಅದು ನಮ್ಮ ಅಪ್ಪ ಅವ್ವನ ದುಡ್ಡೂ ಹೌದು. ಕೇಳೋದು ಭಿಕ್ಷೆ ಅಲ್ಲ.

ಒಳ್ಳೆಯ ಲೈಬ್ರರಿಯನ್ನರೂ ಇದ್ದಾರೆ, ಅದನ್ನೂ ಹೇಳಬೇಕು. ಮುಂದೆ ಇನ್ನೊಂದು ಊರಲ್ಲಿ ಒಬ್ಬ ಲೈಬ್ರರಿಯನ್ ಮೇಡಂ ನನ್ನನ್ನ ಕೈ ಹಿಡಿದು ಕಪಾಟಿನ ಹತ್ತಿರ ಕರ್ಕೊಂಡು ಹೋಗಿ, ನಂಬರ್ ಓದೋದು ಕಲಿಸಿದರು. ನಾನು ಇವತ್ತು ಬರೀತಿರೋದು ಅವರಿಂದ.

*

ಸರಿ. ಈಗ ಕೆಲಸದ ಮಾತು. ಆ ತಂಗಿಗೆ ಚಹಾದಂಗಡಿ ಮುಂದೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ನೋಟ್‌ಬುಕ್ ತಗೊಳ್ಳಿ.

ಒಂದು. ಮೊದಲು ನಿಮ್ಮ ಊರು ಯಾವ ಕಾಲದಲ್ಲಿ ಯಾರ ಕೈಯಲ್ಲಿತ್ತು ಅಂತ ತಿಳ್ಕೊಳ್ಳಿ. ಹಿರೇಕೆರೂರು ಹಾವೇರಿ ಜಿಲ್ಲೆಗೆ ಬಂದಿದ್ದು 1997ರಲ್ಲಿ. ಅದಕ್ಕೂ ಮೊದಲು ಧಾರವಾಡ ಜಿಲ್ಲೆ. 1956ರ ನವೆಂಬರ್ 1ಕ್ಕೂ ಮೊದಲು ನಾವು ಮೈಸೂರು ರಾಜ್ಯದಲ್ಲೇ ಇರಲಿಲ್ಲ, ಮುಂಬಯಿಯಲ್ಲಿದ್ದೆವು. ಆದ್ದರಿಂದ ಮುಂಬಯಿ ಸರ್ಕಾರದ ಹಳೆಯ ಕಡತಗಳು ಬೆಂಗಳೂರಿನಲ್ಲಿ ಅಲ್ಲ, ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರೋ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿವೆ. ಒಂದು ತಮಾಷೆ ನೋಡಿ. ಕೆಳಜಾತಿಯವರಿಗೆ ಶಿಕ್ಷಣದಲ್ಲಿ ಪ್ರೋತ್ಸಾಹ ಕೊಡುವಾಗ ಹುಷಾರಾಗಿರಬೇಕು ಅಂತ ಟಿಪ್ಪಣಿ ಬರೆದ ಗವರ್ನರ್ ಎಲ್ಫಿನ್‌ಸ್ಟನ್. ಅವರದೇ ಹೆಸರಿನ ಕಟ್ಟಡದೊಳಗೆ ಹೋಗಿ ನಾವು ನಮ್ಮ ಕಾಗದ ಹುಡುಕಬೇಕು.

ಶಾಸನದ ವಿಷಯದಲ್ಲೂ ಹೀಗೇ. ಪಕ್ಕದ ಶಿಕಾರಿಪುರದ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ ಏಳನೇ ಸಂಪುಟದಲ್ಲಿ ಸಿಗ್ತವೆ, ಯಾಕಂದ್ರೆ ಅದು ಮೈಸೂರು ಸಂಸ್ಥಾನ. ನಮ್ಮ ತಾಲೂಕಿನದು ಅಲ್ಲಿ ಸಿಗೋದಿಲ್ಲ. 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ ಬಾಂಬೆ-ಕರ್ನಾಟಕ ಸಂಪುಟಗಳು, ಎಪಿಗ್ರಾಫಿಯಾ ಇಂಡಿಕಾ, ಇಂಡಿಯನ್ ಆಂಟಿಕ್ವರಿ ನೋಡಬೇಕು. ಏಕಾಂತದ ರಾಮಯ್ಯನ ಕತೆ ಇರೋ ನಮ್ಮ ಅಬಲೂರಿನ ಶಾಸನವನ್ನ ಫ್ಲೀಟ್ ಪ್ರಕಟಿಸಿದ್ದು ಎಪಿಗ್ರಾಫಿಯಾ ಇಂಡಿಕಾದ ಐದನೇ ಸಂಪುಟದಲ್ಲಿ. ತಪ್ಪು ಕಪಾಟಿನ ಮುಂದೆ ನಿಂತು 'ಇಲ್ಲ' ಅಂದ್ರೆ ಅದು ಇತಿಹಾಸದ ತಪ್ಪಲ್ಲ.

ಎರಡು. ಹುಡುಕೋ ಪದಗಳ ಪಟ್ಟಿ ಮಾಡಿ. ಬ್ರಿಟಿಷರ ಕಾಲದಲ್ಲಿ 'ಹಿರೇಕೆರೂರು ತಾಲೂಕು' ಅನ್ನೋ ಹೆಸರೇ ಇರಲಿಲ್ಲ. ತಾಲೂಕಿನ ಹೆಸರು 'ಕೋಡ', ಕಚೇರಿ ಇದ್ದಿದ್ದು ಹಿರೇಕೆರೂರಿನಲ್ಲಿ. ಅದೇ ರೀತಿ ಇಂಗ್ಲಿಷಿನಲ್ಲಿ ಧಾರವಾಡಕ್ಕೆ ಕೊನೆಯಲ್ಲಿ 'ಡಿ' ಹಾಕಿದರೆ ಹೊಸ ಪುಸ್ತಕ ಸಿಗ್ತವೆ. 'ಆರ್' ಹಾಕಿದರೆ ಹಳೆಯವು ಸಿಗ್ತವೆ. ನಮ್ಮನ್ನೂ ಒಂದೇ ಹೆಸರಲ್ಲಿ ಕರೆದಿಲ್ಲ. ಹೊಲೆಯ, ಮಾದಿಗ, ಮಹಾರ, ಅನ್‌ಟಚಬಲ್, ಡಿಪ್ರೆಸ್ಡ್ ಕ್ಲಾಸಸ್, ಹರಿಜನ, ಷೆಡ್ಯೂಲ್ಡ್ ಕಾಸ್ಟ್, ದಲಿತ. 1928ರ ವರದಿಯಲ್ಲಿ 'ದಲಿತ' ಅಂತ ಹುಡುಕಿದರೆ ಏನೂ ಬರೋದಿಲ್ಲ, 'ಡಿಪ್ರೆಸ್ಡ್' ಅಂತ ಹುಡುಕಿ. ಬೈದ ಹೆಸರಲ್ಲೇ ನಮ್ಮನ್ನ ನಾವು ಹುಡುಕಬೇಕು, ಏನು ಮಾಡೋದು. ಬರೆಯುವಾಗ ನಮ್ಮ ಹೆಸರಲ್ಲಿ ಬರೆಯೋಣ.

ಮೂರು. ಮೊದಲು ಹಿಡಿಯಬೇಕಾದ ಪುಸ್ತಕ ಗೆಝೆಟಿಯರ್. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತದ ಗೆಝೆಟಿಯರಿನ 22ನೇ ಸಂಪುಟ ಧಾರವಾಡದ್ದು, 1884ರಲ್ಲಿ ಬಂದಿದ್ದು. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತೆ. ಕೋಡ ತಾಲೂಕಿನ ವಿವರ, ಶಾಲೆಗಳ ವಿವರ, ಜಾತಿವಾರು ಜನರ ವಿವರ ಇದೆ. ಆದರೆ ಎಚ್ಚರ. ಹೊಲೆಯ, ಮಾದಿಗರ ಬಗ್ಗೆ ಬರೆದ ಪುಟಗಳನ್ನ ಓದಿದರೆ ರಕ್ತ ಕುದಿಯುತ್ತೆ. ಬರೆಸಿದವನು ಸಾಹೇಬ, ಮಾಹಿತಿ ಕೊಟ್ಟವರು ಊರ ಮೇಲ್ಜಾತಿಯವರು ಮತ್ತು ಕಚೇರಿ ಗುಮಾಸ್ತರು ಅನ್ನೋದನ್ನ ಮರೀಬೇಡಿ. ಅಂಕಿಸಂಖ್ಯೆ ತಗೊಳ್ಳಿ, ಅಭಿಪ್ರಾಯವನ್ನ ಪ್ರಶ್ನಿಸಿ. ಯಾರು ಬರೆದರು, ಯಾರಿಗೋಸ್ಕರ ಬರೆದರು, ಯಾರ ಹೆಸರು ಬಿಟ್ಟರು, ಈ ಮೂರು ಪ್ರಶ್ನೆ ಪ್ರತಿ ಪುಟಕ್ಕೂ ಕೇಳಿ. ಧಾರವಾಡದ ಹುಡುಗನಿಗೆ ಹೆಸರಿಲ್ಲ ಅಂತ ನಮ್ಮ ಕಣ್ಣಿಗೆ ಬಿದ್ದಿದ್ದು ಹೀಗೆ ಓದಿದ್ದಕ್ಕೆ.

ನಾಲ್ಕು. ಸಮಿತಿ ವರದಿಗಳನ್ನ ಬಿಡಬೇಡಿ. ಹಂಟರ್ ಆಯೋಗದ ವರದಿ ಹೇಳಿದೆ. 1930ರ ಸ್ಟಾರ್ಟ್ ಸಮಿತಿ ವರದಿ ಇದೆ, ಮುಂಬಯಿ ಪ್ರಾಂತದ ಶೋಷಿತ ವರ್ಗ ಮತ್ತು ಬುಡಕಟ್ಟುಗಳ ಬಗ್ಗೆ. ಬಾಬಾಸಾಹೇಬರು ಅದರ ಸದಸ್ಯರಾಗಿದ್ದರು. ಧಾರವಾಡದಲ್ಲಿ ಬಲವಂತರಾವ್ ವರಾಳೆಯವರು ನಮ್ಮ ಮಕ್ಕಳಿಗಾಗಿ ನಡೆಸಿದ ಹಾಸ್ಟೆಲ್ ಚರಿತ್ರೆಯೂ ಇದೇ ಕಾಲದ್ದು. ರಮಾಬಾಯಿಯವರು ಅಲ್ಲಿ ಬಂದು ಉಳಿದಿದ್ದ ನೆನಪನ್ನ ನಮ್ಮ ಹಿರಿಯರು ಇವತ್ತಿಗೂ ಹೇಳ್ತಾರೆ. ನಮ್ಮ ತಾಲೂಕಿನಿಂದ ಯಾರ್ಯಾರು ಅಲ್ಲಿ ಉಂಡು ಓದಿದರು? ಒಂದು ಪೂರ್ತಿ ಪಿಎಚ್.ಡಿ.ಯ ವಿಷಯ ಅದು.

ಐದು. ಕಪಾಟಿನ ನಂಬರ್ ಕಲೀರಿ. ಡ್ಯೂಯಿ ದಶಮಾಂಶ ಪದ್ಧತಿ ಇದ್ದಲ್ಲಿ ಭಾರತದ ಇತಿಹಾಸ 954ರಲ್ಲಿ, ಜಾತಿ ಮತ್ತು ವರ್ಗದ ಪುಸ್ತಕ 305.5ರ ಆಸುಪಾಸಿನಲ್ಲಿ. ಕಂಪ್ಯೂಟರ್ ತೋರಿಸಿದ ಒಂದೇ ಪುಸ್ತಕ ತಗೊಂಡು ಬರಬೇಡಿ, ಅದರ ಎಡಬಲ ನೋಡಿ. ಧಾರವಾಡಕ್ಕೆ ಹೋದರೆ ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು 1939ರಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆ ಎರಡಕ್ಕೂ ಹೋಗಿ. ಗೈಡ್ ಅಥವಾ ವಿಭಾಗದಿಂದ ಒಂದು ಪತ್ರ ಬರೆಸಿಕೊಂಡು ಹೋದರೆ ಹೊರಗಿನವರಿಗೂ ಕೆಲಸ ಸಲೀಸು. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ, ಶಿಗ್ಗಾವಿ ತಾಲೂಕಿನಲ್ಲಿದೆ.

ಆರು. ಶೋಧಗಂಗಾ. ದೇಶದ ಪಿಎಚ್.ಡಿ. ಪ್ರಬಂಧಗಳು ಅಲ್ಲಿ ಪುಕ್ಕಟೆ ಸಿಗ್ತವೆ. ಆದರೆ ಕನ್ನಡದ ಒಂದು ತೊಡಕಿದೆ. ಹಳೆಯ ಪ್ರಬಂಧಗಳು ಯೂನಿಕೋಡ್ ಅಲ್ಲದ ನುಡಿ ಅಕ್ಷರದಲ್ಲಿ ಟೈಪ್ ಆಗಿರ್ತವೆ. ಒಳಗಿನ ಕನ್ನಡ ಪದ ಹುಡುಕಿದರೆ ಸಿಗೋದಿಲ್ಲ. ಶೀರ್ಷಿಕೆಯನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಹುಡುಕಿ, ಇಲ್ಲವೇ ವಿಶ್ವವಿದ್ಯಾಲಯ, ವಿಭಾಗ ಅಂತ ಒಳಗೆ ಇಳಿದು ಒಂದೊಂದೇ ನೋಡಿ. ಸಿಕ್ಕ ಪ್ರಬಂಧವನ್ನ ಕಾಪಿ ಹೊಡೀಬೇಡಿ. ಅದರ ಕೊನೆಯ ಗ್ರಂಥಸೂಚಿ ಇದೆಯಲ್ಲ, ನಿಮಗೆ ಬೇಕಾಗಿರೋದು ಅದು. ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನೂ ನೋಡಿ. ಎಐ ಕೇಳ್ತೀರಿ ಅಂತ ಗೊತ್ತು. ಅದು ಇಲ್ಲದ ಪುಸ್ತಕಕ್ಕೂ ಲೇಖಕರ ಹೆಸರು ಕೊಟ್ಟುಬಿಡುತ್ತೆ. ಕಣ್ಣಿಂದ ಪುಟ ನೋಡದೆ ಒಂದೂ ಸಾಲು ಬರೀಬೇಡಿ.

ಏಳು. ಲೈಬ್ರರಿಯ ಹೊರಗಿನ ಲೈಬ್ರರಿ. ನಿಮ್ಮೂರ ಹಳೆಯ ಸರ್ಕಾರಿ ಶಾಲೆಯ ದಾಖಲಾತಿ ರಿಜಿಸ್ಟರ್‌ನಲ್ಲಿ ಹೆಸರು, ಜಾತಿ, ಸೇರಿದ ತಾರೀಖು, ಬಿಟ್ಟ ತಾರೀಖು ಇರುತ್ತೆ. ಕೇರಿಯ ಮೊದಲ ಮಗು ಯಾವಾಗ ಶಾಲೆಗೆ ಬಂತು, ಯಾವ ತರಗತಿಗೆ ಬಿಡ್ತು? ಅದು ಬಿಡಿಸಿ ಹೇಳುತ್ತೆ. ಮುಖ್ಯೋಪಾಧ್ಯಾಯರನ್ನ ವಿನಯದಿಂದ ಕೇಳಿ. ಬದುಕಿರೋರ ಹೆಸರನ್ನ ಅವರ ಒಪ್ಪಿಗೆ ಇಲ್ಲದೆ ಬರೀಬೇಡಿ. ಇನ್ನು ತಹಶೀಲ್ದಾರ್ ಕಚೇರಿಯ ಹಳೆಯ ವತನ ದಾಖಲೆ. 1961ರ ಕಾಯ್ದೆಯಲ್ಲಿ ಊರ ಚಾಕರಿಯ ವತನ ಹುದ್ದೆಗಳು ರದ್ದಾದವು, ಭೂಮಿ ಮರುಮಂಜೂರಾತಿ ಆಗಬೇಕಿತ್ತು. ಯಾರಿಗೆ ಆಯ್ತು, ಯಾರ ಕೈ ತಪ್ಪಿತು? 1978ರ ಪಿಟಿಸಿಎಲ್ ಕಾಯ್ದೆಯ ಕೇಸುಗಳಲ್ಲಿ ನಮ್ಮವರು ಸೋಲೋದು ಎಷ್ಟೋ ಸಲ ಕಾಗದ ಇಲ್ಲದ್ದಕ್ಕೆ. ಹುಡುಕೋ ವಿದ್ಯೆ ಬರೀ ಮಾರ್ಕ್ಸಿನ ಮಾತಲ್ಲ, ಅದು ಹೊಲದ ಮಾತು, ಅನ್ನದ ಮಾತು. ಕೊಡೋದಿಲ್ಲ ಅಂದ್ರೆ 2005ರ ಮಾ��ಿತಿ ಹಕ್ಕು ಕಾಯ್ದೆ ಇದೆ, 30 ದಿನದೊಳಗೆ ಉತ್ತರ ಕೊಡಬೇಕು.

ಮತ್ತೆ ನಿಮ್ಮ ಅಜ್ಜಿ ಇದ್ದಾಳಲ್ಲ, ಅವಳನ್ನ ಕೂರಿಸಿ ಮಾತಾಡಿಸಿ. ಫೋನಿನಲ್ಲಿ ರೆಕಾರ್ಡ್ ಮಾಡಿ, ತಾರೀಖು ಬರೀರಿ, ಊರು ಬರೀರಿ. 1970ರ ದಶಕದ ಬೂಸಾ ಗಲಾಟೆ, ದಲಿತ ಸಂಘರ್ಷ ಸಮಿತಿಯ ದಿನಗಳ ಕರಪತ್ರ, ಪೋಸ್ಟರ್, ಜಾಥಾದ ಹಾಡಿನ ಪುಸ್ತಕ ಯಾವ ಕ್ಯಾಟಲಾಗಿನಲ್ಲೂ ಪೂರ್ತಿ ಸಿಗೋದಿಲ್ಲ. ನಮ್ಮ ಹಿರಿಯ ಕಾರ್ಯಕರ್ತರ ಮನೆಯ ಟ್ರಂಕಿನಲ್ಲಿವೆ. ಗೆದ್ದಲು ಹಿಡಿಯೋಕೆ ಮೊದಲು ಫೋಟೊ ತೆಗೀರಿ.

*

ಕೊನೆಗೆ ಒಂದು ಕಹಿ ಮಾತು, ನಮಗೇ.

ಕೆಲವು ವರ್ಷದ ಹಿಂದೆ ಒಂದು ಜಯಂತಿ ಸಭೆಯಲ್ಲಿ ನಾನು ಮೈಕು ಹಿಡಿದು, "1856ರಲ್ಲೇ ಬ್ರಿಟಿಷರು ಧಾರವಾಡದ ಶಾಲೆಯ ಬಾಗಿಲನ್ನ ನಮಗೆ ತೆರೆದರು" ಅಂತ ಅಬ್ಬರಿಸಿದೆ. ಚಪ್ಪಾಳೆ ಬಿತ್ತು. ಸಭೆ ಮುಗಿದ ಮೇಲೆ ಒಬ್ಬ ನಿವೃತ್ತ ಮೇಷ್ಟ್ರು ಬಂದು ಭುಜದ ಮೇಲೆ ಕೈ ಇಟ್ಟು, "ತಮ್ಮಾ, ಬಾಬಾಸಾಹೇಬರು ಬರದದ್ದನ್ನ ಪೂರಾ ಓದೀ ಏನು?" ಅಂದ್ರು. ಓದಿರಲಿಲ್ಲ. ಯಾರೋ ಕಳಿಸಿದ ವಾಟ್ಸ್ಆ್ಯಪ್ ಓದಿದ್ದೆ ಅಷ್ಟೆ. ಮನೆಗೆ ಬಂದು ಸಂಪುಟ ತೆಗೆದು ನೋಡಿದರೆ, 1856ರಲ್ಲಿ ಸರ್ಕಾರ ಬಾಗಿಲು ಮುಚ್ಚಿದ್ದು! ಲಂಡನ್ನಿನ ಮಾತು ಬಂದಿದ್ದು 1858ಕ್ಕೆ. 1882ರ ಆಯೋಗವೂ ಆ ತತ್ವವನ್ನ ಎತ್ತಿ ಹಿಡಿದು, ಜೊತೆಗೇ ಎಚ್ಚರಿಕೆಯಿಂದ ಜಾರಿ ಮಾಡಿ ಅಂತ ಬಾಲಂಗೋಚಿ ಸೇರಿಸಿತು. ಬಾಬಾಸಾಹೇಬರು ಈ ಪ್ರಕರಣ ಎತ್ತಿದ್ದು ಬ್ರಿಟಿಷರನ್ನ ಹೊಗಳೋಕಲ್ಲ, ಅವರೂ ನಮ್ಮನ್ನ ಹೊರಗಿಟ್ಟರು ಅಂತ ಸಾಬೀತು ಮಾಡೋಕೆ. ನಾನು ಅವರ ಸಾಕ್ಷಿಯನ್ನೇ ತಲೆಕೆಳಗು ಮಾಡಿದ್ದೆ.

ಅವತ್ತಿನಿಂದ ಒಂದು ನೇಮ ಇಟ್ಕೊಂಡಿದ್ದೀನಿ. 'ಬಾಬಾಸಾಹೇಬರು ಹೇಳಿದ್ರು' ಅಂತ ಯಾರು ಏನೇ ಕಳಿಸಲಿ, ಯಾವ ಸಂಪುಟ, ಯಾವ ಪುಟ ಅಂತ ಕೇಳ್ತೀನಿ. ಉತ್ತರ ಇಲ್ಲದಿದ್ದರೆ ಮುಂದಕ್ಕೆ ಕಳಿಸೋದಿಲ್ಲ. ಅವರ ಫೋಟೊ ಹಾಕಿ ಅವರು ಹೇಳದ ಮಾತು ಹಂಚೋದು ಭಕ್ತಿ ಅಲ್ಲ. ಒಂದು ಸುಳ್ಳು ಸಿಕ್ಕರೆ ಎದುರಿನವರು ನಮ್ಮ ನೂರು ಸತ್ಯವನ್ನೂ ಸುಳ್ಳು ಅಂತಾರೆ. ನಮ್ಮ ಹತ್ತಿರ ದುಡ್ಡಿಲ್ಲ, ಟಿವಿ ಇಲ್ಲ. ಇರೋದು ಪುರಾವೆ ಒಂದೇ. ಅದನ್ನ ಹೊಲಸು ಮಾಡಿಕೊಳ್ಳಬಾರದು.

*

ಆ ದಿನ ಚಹಾದಂಗಡಿ ಮುಂದೆ ಆ ತಂಗಿ ಫೋನಿನಲ್ಲೇ ಗೆಝೆಟಿಯರ್ ತೆಗೆದಳು. 'ಕೋಡ' ಅಂತ ಹುಡುಕಿದಳು. ಪುಟಗಳು ಬಂದವು. ಅವಳು ಮಾತಾಡಲಿಲ್ಲ, ಬೆರಳಿಂದ ದೊಡ್ಡದು ಮಾಡಿ ಮಾಡಿ ಓದ್ತಾ ನಿಂತಳು. ಅವಳ ಬಸ್ಸು ಬಂತು, ಹೋಯ್ತು.

ನಿನ್ನೆ ಫೋನ್ ಮಾಡಿದ್ಲು. ಗೆಝೆಟಿಯರಿನ ಪುಟ, ಎರಡನೇ ಸಂಪುಟದ ಹೇಳಿಕೆ, ಊರ ಶಾಲೆಯ ರಿಜಿಸ್ಟರಿನಿಂದ ಎತ್ತಿಕೊಂಡ ಟಿಪ್ಪಣಿ, ಮೂರನ್ನೂ ಗೈಡ್ ಸರ್ ಟೇಬಲ್ ಮೇಲೆ ಇಟ್ಟಳಂತೆ. ಅವರು ಸ್ವಲ್ಪ ಹೊತ್ತು ತಿರುವಿ ಹಾಕಿ, "ಇದು ನನಗೂ ಗೊತ್ತಿರಲಿಲ್ಲವಾ. ಬರಕೊಂಡು ಬಾ" ಅಂದ್ರಂತೆ. ಅವರನ್ನ ದೂರಬೇಕಾಗಿಲ್ಲ. ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಬರೋ ಭಾನುವಾರ ಬೆಳಿಗ್ಗೆ ಹಿರೇಕೆರೂರಿನ ಲೈಬ್ರರಿ ಹತ್ತಿರ ಸೇರೋಣ. ಎಂ.ಎ., ಪಿಎಚ್.ಡಿ. ಹುಡುಗರು ಒಂದು ನೋಟ್‌ಬುಕ್, ಒಂದು ಪೆನ್ನು ತನ್ನಿ. ಹಿರಿಯರು ಮನೆಯ ಟ್ರಂಕಿನ ಕರಪತ್ರ ತನ್ನಿ. ಹಾರ, ಬ್ಯಾನರ್ ಬೇಡ.

ಆ ಹುಡುಗ 1856ರಲ್ಲಿ ಒಬ್ಬನೇ ಅರ್ಜಿ ಹಿಡ್ಕೊಂಡು ನಿಂತಿದ್ದ. ನಾವು ಇಷ್ಟು ಜನ ಇದ್ದೇವೆ. ಕಿಟಕಿ ಹತ್ತಿರ ಹೋಗಿ ಒಂದು ಪುಸ್ತಕ ಕೇಳೋಕೆ ಅಂಜೋದು ಬೇಡ.

ಜೈಭೀಮ್.